ಪಾತಿಯಲ್ಲಿ ಮೊಳೆತ ಅಪರಿಚಿತ ಸಸಿ

ಹೂದೋಟದ ಪಾತಿಯಲ್ಲಿ ಬಿತ್ತದೆ ಬೆಳೆದ ಸಸಿಯನ್ನು ನೋಡದೆ ಕೀಳುವುದೂ ತರವಲ್ಲ, ಗುರುತಿಸದೆ ಬಿಡುವುದೂ ಕ್ಷೇಮವಲ್ಲ. ಮಳೆ ಬಿದ್ದ ಬಳಿಕ ಸೇವಂತಿಗೆ, ದವನಗಳ ನಡುವೆ ತಲೆಯೆತ್ತುವ ಪಾರ್ಥೇನಿಯಂ ಇದಕ್ಕೆ ತಕ್ಕ ನಿದರ್ಶನ. ಜನರ ಬಾಯಲ್ಲಿ ಇದು ಕಾಂಗ್ರೆಸ್ ಗಿಡ. ಉಷ್ಣವಲಯದ ಅಮೆರಿಕ ಇದರ ತವರು. 1955ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಈ ಕಳೆ ಅನಂತರ ದೇಶದ ಉದ್ದಗಲಕ್ಕೂ ವ್ಯಾಪಿಸಿತು.

ಎಳೆಯದಾಗಿರುವಾಗ ಇದರ ಎಲೆಗಳು ನೆಲಕ್ಕೊರಗಿ ಚಕ್ರಾಕಾರವಾಗಿ ಹರಡಿರುತ್ತವೆ. ಆಳವಾಗಿ ಸೀಳಿದ ಆ ಎಲೆಗಳು ಸೇವಂತಿಗೆಯ ಭ್ರಾಂತಿಯನ್ನು ಹುಟ್ಟಿಸುತ್ತವೆ. ಆದರೆ ಸೇವಂತಿಗೆಯ ಎಲೆ ದಪ್ಪ, ಅದರ ಸೀಳುಗಳ ನಡುವಣ ಭಾಗ ಅಗಲ. ದವನದ ಎಲೆ ಬೂದುಬಣ್ಣದ್ದು. ಅದರ ಪರಿಮಳ ಬಗ್ಗಿದೊಡನೆಯೇ ತಿಳಿಯುತ್ತದೆ. ಪಾರ್ಥೇನಿಯಂಗೆ ಆ ಪರಿಮಳವಿಲ್ಲ. ಬೆಳೆದ ಕಾಂಡದ ಮೇಲೆ ಉದ್ದನೆಯ ಗೆರೆಗಳೂ ನವಿರಾದ ರೋಮಗಳೂ ಕಾಣುತ್ತವೆ. ತುದಿಯಲ್ಲಿ ಐದು ಕೋನಗಳ ಪುಟ್ಟ ಬಿಳಿ ಹೂಗಳು ಮೂಡಿದಾಗ ಸಂಶಯಕ್ಕೆ ಎಡೆಯೇ ಉಳಿಯದು.

ಆದರೆ ಹೂವಿಗಾಗಿ ಕಾಯುವುದು ವಿವೇಕವಲ್ಲ. ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸಬಲ್ಲದು. ಇದರ ಸ್ಪರ್ಶದಿಂದ ಕೆಲವರಿಗೆ ಚರ್ಮದ ಉರಿಯೂತವೂ ಪರಾಗದಿಂದ ಉಬ್ಬಸವೂ ಉಂಟಾಗುತ್ತವೆ. ಆದುದರಿಂದ ಗುರುತು ತಿಳಿಯದ ಎಲೆಯನ್ನು ಹಿಸುಕಿ ನೋಡಬಾರದು. ಕೀಳುವ ಕೆಲಸವನ್ನು ಮಕ್ಕಳ ಬರಿಗೈಗೆ ಒಪ್ಪಿಸಲೂಬಾರದು. ಹಿರಿಯರು ಕೈಗವಸು ತೊಟ್ಟು, ನೆಲ ಹಸಿಯಾಗಿರುವಾಗ ಬೇರುಸಹಿತ ಕೀಳಬೇಕು. ಈ ಕಳೆಯನ್ನು ತಿನ್ನುವ ಮೆಕ್ಸಿಕೋ ಮೂಲದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಪಾತಿಯ ಮಟ್ಟಿಗೆ ಕಣ್ಣಿನ ಎಚ್ಚರವೇ ಮೇಲು. ಹೂ ಬಿಡುವ ಮೊದಲೇ ಎಲೆಯಿಂದ ಗಿಡವನ್ನರಿಯುವ ಕಣ್ಣನ್ನು ಮಕ್ಕಳಲ್ಲಿ ಬೆಳೆಸಿದರೆ ಶಾಲೆಯ ತೋಟ ಸಾರ್ಥಕವಾದಂತೆ.