ಪ್ರಾಜೆಕ್ಟ್ ವರದಿ ಬರೆದವರಾರು? ಕೃತಕ ಬುದ್ಧಿಮತ್ತೆ ಮತ್ತು ಪದವಿ ಪರೀಕ್ಷೆ

ಅವಳಿ ನಗರದ ಬಿ.ಕಾಂ., ಬಿ.ಬಿ.ಎ. ಹಾಗೂ ಎಂ.ಬಿ.ಎ. ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿಗೆಂದು ಅಮರಗೋಳದ ಅಡತಿ ಅಂಗಡಿಗಳಿಗೂ ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಿಗೂ ಬರುವುದು ಹೊಸದೇನಲ್ಲ. ಪ್ರಮಾಣಪತ್ರಕ್ಕೆ ಸಹಿ ಮಾಡಿ, ಚಹಾ ಕುಡಿಸಿ ಕಳುಹಿಸುವ ಮಾಲೀಕರೂ ಉಂಟು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲೆ ಈ ಸಹಿಯ ಹೊಣೆ ಹೆಚ್ಚಿದೆ. ಹಿಂದೆ ನಕಲು ಮಾಡುವವನಿಗೂ ಹಳೆಯದೊಂದು ಪ್ರತಿ ಬೇಕಾಗಿತ್ತು. ಈಗ ಅಂಗಡಿಯ ಹೊಸ್ತಿಲು ತುಳಿಯದೆಯೇ ಅಚ್ಚುಕಟ್ಟಾದ ವರದಿಯೊಂದು ಒಂದೇ ಸಂಜೆಯಲ್ಲಿ ಸಿದ್ಧವಾಗಬಲ್ಲದು.

ಇಂತಹ ಕೆಲಸಕ್ಕೆ ದೊರೆಯುವ ಅಂಕಗಳು ಅಲ್ಪವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ನಿರಂತರ ಆಂತರಿಕ ಮೌಲ್ಯಮಾಪನಕ್ಕೇ ನೂರಕ್ಕೆ 50 ಅಂಕಗಳಿವೆ. ಅಂಕಪಟ್ಟಿ ನೋಡಿ ಲೆಕ್ಕಪತ್ರಕ್ಕೆ ಹುಡುಗರನ್ನು ನೇಮಿಸಿಕೊಳ್ಳುವ ವರ್ತಕರಿಗೆ ಈ ವಿಷಯ ದೂರದ್ದಲ್ಲ.

ಕೃತಕ ಬರಹವನ್ನು ಪತ್ತೆ ಹಚ್ಚುವ ತಂತ್ರಾಂಶವಿದೆಯಲ್ಲ ಎಂದು ಕೇಳುವವರಿದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಕೃತಿಚೌರ್ಯ ನಿಯಮಗಳು ಹೋಲಿಕೆಯ ಪ್ರಮಾಣವನ್ನು ಅಳೆಯುತ್ತವೆ, ಶೇ. 10ರವರೆಗೆ ದಂಡನೆಯಿಲ್ಲ. ಯಂತ್ರವು ಪ್ರತಿ ಬಾರಿಯೂ ಹೊಸ ವಾಕ್ಯಗಳನ್ನೇ ರಚಿಸುವುದರಿಂದ ಈ ಅಳತೆಗೋಲಿಗೆ ಅದು ಬಹುತೇಕ ಸಿಗುವುದಿಲ್ಲ. ಯಂತ್ರಬರಹವನ್ನು ಗುರುತಿಸಲೆಂದು ಓಪನ್‌ಎಐ ಸಂಸ್ಥೆಯೇ ಹೊರತಂದಿದ್ದ ತಂತ್ರಾಂಶವನ್ನು, ನಿಖರತೆ ಸಾಲದೆಂಬ ಕಾರಣದಿಂದ, 2023ರ ಜುಲೈನಲ್ಲಿ ಹಿಂತೆಗೆದುಕೊಳ್ಳಲಾಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂತಹ ಹಲವು ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವತಃ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವು ಯಂತ್ರದ್ದೆಂಬ ತಪ್ಪು ತೀರ್ಪು ಪಡೆದವು. ಕನ್ನಡ ಮಾಧ್ಯಮದಲ್ಲಿ ಓದಿ, ಕಷ್ಟಪಟ್ಟು ಇಂಗ್ಲಿಷಿನಲ್ಲಿ ವರದಿ ಬರೆಯುವ ಹಳ್ಳಿಯ ವಿದ್ಯಾರ್ಥಿಯೇ ಇಲ್ಲಿ ಮೊದಲು ಸಿಕ್ಕಿಬೀಳುವವನು. ಇಂತಹ ಸಾಕ್ಷ್ಯ ನಂಬಿ ಅಂಕ ಕಡಿಯುವುದೆಂದರೆ ವೋಚರಿಲ್ಲದೆ ಖರ್ಚು ಹಾಕಿದಂತೆಯೇ ಸರಿ.

ಆದ್ದರಿಂದ ಬದಲಾಗಬೇಕಾದುದು ಪ್ರಶ್ನೆಯ ಸ್ವರೂಪ. ಲೆಕ್ಕಪರಿಶೋಧಕರ ಸಂಸ್ಥೆಯು ಸಿ.ಎ. ಅಂತಿಮ ಪರೀಕ್ಷೆಯ ಆರನೆಯ ಪತ್ರಿಕೆಯಲ್ಲಿ 2018ರಿಂದಲೇ ಪುಸ್ತಕ ತೆರೆದು ಉತ್ತರಿಸಲು ಅವಕಾಶ ನೀಡಿದೆ. ಅಲ್ಲಿ ಕೇಳುವುದು ಒಂದು ವ್ಯವಹಾರದ ಪ್ರಕರಣವನ್ನು. ಪುಸ್ತಕವಿದ್ದ ಮಾತ್ರಕ್ಕೆ ಪತ್ರಿಕೆ ಸುಲಭವಾಗಲಿಲ್ಲ. ಯಂತ್ರ ಕೈಯಲ್ಲಿರುವಾಗಲೂ ಇದೇ ನ್ಯಾಯ.

ಉದಾಹರಣೆಗೆ, "ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆ ಜಮೆಯನ್ನು ವಿವರಿಸಿರಿ" ಎಂಬ ಪ್ರಶ್ನೆಗೆ ಯಂತ್ರ ಕ್ಷಣದಲ್ಲಿ ಉತ್ತರಿಸುತ್ತದೆ. ಅದರ ಬದಲು ಒಂದು ಅಂಗಡಿಯ ಮೂರು ತಿಂಗಳ ಖರೀದಿ ವಹಿ ಮತ್ತು ಜಿಎಸ್‌ಟಿಆರ್-2ಬಿ ತಃಖ್ತೆಯನ್ನು ಕೊಟ್ಟು, ಹೊಂದಾಣಿಕೆಯಾಗದ ಬಿಲ್ಲುಗಳಿಗೆ ಕಾರಣ ಹುಡುಕಲು ಹೇಳಬಹುದು. ತಾಳೆ ನೋಡುವುದನ್ನು ಯಂತ್ರವೂ ಮಾಡೀತು. ಆದರೆ ಸರಬರಾಜುದಾರ ಬಿಲ್ಲನ್ನು ಮುಂದಿನ ತಿಂಗಳಿಗೆ ತಳ್ಳಿದನೋ, ನೋಂದಣಿ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದೆಯೋ, ಮಾಲೇ ಬಂದಿಲ್ಲವೋ ಎಂಬುದನ್ನು ತಿಳಿಯಲು ಗುಮಾಸ್ತರನ್ನು ಕೇಳಬೇಕು, ಲಾರಿ ರಸೀದಿ ನೋಡಬೇಕು. ಯಂತ್ರದ ನೆರವು ಪಡೆದದ್ದನ್ನು ವಿದ್ಯಾರ್ಥಿ ವರದಿಯಲ್ಲಿ ಬರೆಯಲಿ. ಅಂಕವನ್ನು ನಂತರದ ಹತ್ತು ನಿಮಿಷಗಳ ಮೌಖಿಕ ಪರೀಕ್ಷೆಯಲ್ಲಿ ಗಳಿಸಲಿ.

ತೊಡಕು ಇರುವುದು ಇಲ್ಲಿಯೇ. 60 ಮಂದಿಯ ತರಗತಿಗೆ ತಲಾ ಹತ್ತು ನಿಮಿಷವೆಂದರೆ ಹತ್ತು ಗಂಟೆ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಕಾಲೇಜಿಗೆ ಇದು ಹಗುರಾದ ಹೊರೆಯಲ್ಲ. ಅನುಭವಿ ವರ್ತಕರು ಆಹ್ವಾನಿತ ಪರೀಕ್ಷಕರಾಗಿ ವರ್ಷಕ್ಕೊಂದು ದಿನ ಕುಳಿತರೆ ಕಾಲೇಜುಗಳಿಗೆ ದೊಡ್ಡ ಆಸರೆ.

ಸದಸ್ಯರು ದಾಖಲೆ ಕೊಡುವ ಮುನ್ನ ಗಿರಾಕಿಗಳ ಹೆಸರು, ನೋಂದಣಿ ಸಂಖ್ಯೆ, ಬ್ಯಾಂಕ್ ಖಾತೆಗಳನ್ನು ಅಳಿಸಿಕೊಡುವುದು ಅಗತ್ಯ. ಕೊಟ್ಟ ಕಾಗದ ಯಾವ ಯಂತ್ರಕ್ಕೆ ಸೇರುವುದೋ ಹೇಳಲಾಗದು. ಪ್ರಮಾಣಪತ್ರದಲ್ಲಿ ವಿದ್ಯಾರ್ಥಿ ಬಂದ ದಿನಾಂಕಗಳನ್ನೂ ನೋಡಿದ ವಹಿಗಳ ಹೆಸರನ್ನೂ ನಮೂದಿಸಿ, ಒಂದು ಪ್ರತಿಯನ್ನು ಅಂಗಡಿಯಲ್ಲಿ ಇಟ್ಟುಕೊಳ್ಳತಕ್ಕದ್ದು. ಬಾರದವರಿಗೆ ಸಹಿ ಇಲ್ಲ.