ಗಡಗಡ ಓಮ್ನಿ: ರಿಪೇರಿಯೋ, ಗುಜರಿಯೋ?

ಶಿವಮೊಗ್ಗ: ಶಾಲೆ ಬಾಗಿಲು ತೆರೆಯುವ ದಿನ ಹತ್ತಿರ ಬಂತೆಂದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿಗಳಿಗೆ ಕೈಬಿಡುವಿಲ್ಲ. ಮಳೆ ಹಿಡಿಯುವ ಮೊದಲು ಗಾಡಿ ಸರಿಮಾಡಿಸಿಕೊಳ್ಳುವ ಆತುರ ಎಲ್ಲರಿಗೂ. ಹೀಗೆ ಸಾಲುಗಟ್ಟುವ ಗಾಡಿಗಳ ನಡುವೆ ಹಳೇ ಮಾರುತಿ ಓಮ್ನಿಗಳಿಗೆ ಇನ್ನೂ ಕೊರತೆಯಿಲ್ಲ. ಅವುಗಳ ಮಾಲೀಕರ ಬಾಯಲ್ಲಿ ಒಂದೇ ಪ್ರಶ್ನೆ: "ಎಂಜಿನ್ ಸದ್ದು ಮಾಡ್ತದೆ ಮಾರಾಯ್ರೆ. ರಿಪೇರಿ ಮಾಡಿಸೋದಾ, ಕೊಟ್ಟು ಕೈ ತೊಳ್ಕಳೋದಾ?"

ಪ್ರಶ್ನೆ ಸಣ್ಣದಲ್ಲ. 1984ರಲ್ಲಿ 'ಮಾರುತಿ ವ್ಯಾನ್' ಎಂಬ ಹೆಸರಿನಲ್ಲಿ ರಸ್ತೆಗಿಳಿದು, ಆಮೇಲೆ ಓಮ್ನಿಯಾಗಿ, 2019ರಲ್ಲಿ ತಯಾರಿಕೆ ನಿಂತ ಈ ಡಬ್ಬಿ ಗಾಡಿ ಮಲೆನಾಡಿನಲ್ಲಿ ಮಾಡದ ಕೆಲಸವಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟಿದೆ. ಮದುವೆ ಮನೆಗೆ ಪಾತ್ರೆ ಹೊತ್ತಿದೆ. ಅಡಿಕೆ ಮೂಟೆಯನ್ನು ಮಂಡಿಗೆ ಮುಟ್ಟಿಸಿದೆ. ನಡುರಾತ್ರಿ ಬಸುರಿಯರನ್ನು ಮೆಗ್ಗಾನ್ ಆಸ್ಪತ್ರೆಗೆ ತಲುಪಿಸಿದೆ. ಇದನ್ನೇ ನಂಬಿ ಸಂಸಾರ ನಡೆಸುವವರಿಗೆ ಎಂಜಿನ್ನಿನ ಸದ್ದು ಎಂದರೆ ಮನೆಯ ಒಲೆಯ ಸದ್ದು.

ಟೀ ಅಂಗಡಿಯಲ್ಲಿ ಉಪದೇಶಕ್ಕೇನೂ ಬರವಿಲ್ಲ. ಒಬ್ಬರು, "ಎಂಜಿನ್ ಇಳ್ಸಿ ಪೂರ್ತಿ ಬಿಚ್ಚಿ ಮಾಡ್ಸಿ" ಎನ್ನುತ್ತಾರೆ. ಇನ್ನೊಬ್ಬರು, "15 ವರ್ಷ ಆತಲ್ಲ, ಇನ್ನು ಸರ್ಕಾರದೋರೇ ಎತ್ಕಂಡು ಹೋಗ್ತಾರೆ, ಮೊದ್ಲೇ ಮಾರಿ" ಎನ್ನುತ್ತಾರೆ. ಇಬ್ಬರೂ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳಿಲ್ಲ. ಗಾಡಿಯ ಅಡಿಗೆ ಬಗ್ಗಿ ನೋಡಿಲ್ಲ. ಈ ಎರಡು ಕೆಲಸ ಮಾಡದೆ ತೀರ್ಮಾನಿಸುವುದು ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ಸದ್ದಿನಲ್ಲಿ ನಾನಾ ಜಾತಿ

ಮೊದಲು ಮಾಡಬೇಕಾದ್ದು ಕಾಸು ಖರ್ಚಿಲ್ಲದ ಕೆಲಸ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ತಣಿದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡುವುದು. ಆಯಿಲ್ ಕೆಳಗಿನ ಗೆರೆಗಿಂತ ಇಳಿದಿದ್ದರೆ ಎಂಥಾ ಎಂಜಿನ್ನಾದರೂ ಕೂಗುತ್ತದೆ. ಆಯಿಲ್ ಹಾಕಿದ ಕೂಡಲೇ ಸದ್ದು ಅಡಗಿತೆಂದು ಹಿಗ್ಗುವುದೂ ಬೇಡ. ಹೋದ ಆಯಿಲ್ ಎಲ್ಲಿಗೆ ಹೋಯಿತು? ಕೆಳಗೆ ಸೋರಿದ್ದರೆ ನೆಲದ ಮೇಲೆ ಕಲೆ ಇರುತ್ತದೆ. ಒಳಗೇ ಉರಿದಿದ್ದರೆ ಹೊಗೆ ನೀಲಿ ಬಣ್ಣಕ್ಕೆ ತಿರುಗಿರುತ್ತದೆ.

ಇನ್ನು ಸದ್ದಿನ ವಿಚಾರ. 'ಕೀಚ್' ಎಂದು ಬೆಳಿಗ್ಗೆ ಚಾಲೂ ಮಾಡಿದಾಗ ಕಿರುಚಿ ಸುಮ್ಮನಾಗುವುದು ಬೆಲ್ಟಿನ ಸದ್ದು. ಬೆಲ್ಟು ಸಡಿಲವಾಗಿದೆ, ಇಲ್ಲವೇ ಸವೆದಿದೆ. 'ಗರಗರ' ಎಂದು ಅರೆಯುವಂತೆ ಕೇಳಿದರೆ ವಾಟರ್ ಪಂಪಿನದೋ ಡೈನಮೋದೋ ಬೇರಿಂಗ್ ಹೋಗಿರಬಹುದು. ಇವೆಲ್ಲ ಎಂಜಿನ್ನಿನ ಹೊರಗಿನ ಕಾಯಿಲೆ. ಇಷ್ಟಕ್ಕೆ ಎಂಜಿನ್ ಇಳಿಸುತ್ತೇನೆ ಎನ್ನುವ ಮೇಸ್ತ್ರಿಗೆ ದೂರದಿಂದಲೇ ನಮಸ್ಕಾರ ಹಾಕಿ ಬರುವುದು ಲೇಸು.

ಹೊಲಿಗೆ ಮಿಶನ್ನಿನ ಹಾಗೆ 'ಟಕಟಕ' ಎಂದು ಹಗುರವಾಗಿ ಮೇಲಿನಿಂದ ಕೇಳುವುದು ಟ್ಯಾಪೆಟ್. ಅಂತರ ಸರಿಮಾಡಿದರೆ ಮುಗಿಯಿತು. ಇಲ್ಲೊಂದು ಸೂಕ್ಷ್ಮವಿದೆ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಗಳಲ್ಲಿ ವಾಲ್ವ್ ಕೂರುವ ಜಾಗ ಬೇಗ ಸವೆದು ಟ್ಯಾಪೆಟ್ ಬಿಗಿಯಾಗುತ್ತಾ ಹೋಗುವುದುಂಟು. ಆಗ ಸದ್ದು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಮಾಲೀಕ ಖುಷಿಯಲ್ಲಿರುತ್ತಾನೆ, ಒಳಗೆ ವಾಲ್ವ್ ಸುಡುತ್ತಿರುತ್ತದೆ. ಸದ್ದಿಲ್ಲದ್ದೆಲ್ಲ ಆರೋಗ್ಯವಲ್ಲ ಎಂದು ಹಳೇ ಮೇಸ್ತ್ರಿಗಳು ಹೇಳುವುದು ಇದಕ್ಕೇ.

ಟ್ಯಾಪೆಟ್ಟಿನಂತೆಯೇ ಕೇಳಿ ಮೋಸ ಮಾಡುವುದು ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರುವ ಕಡೆಯ ಪ್ಯಾಕಿಂಗ್ ಸೋರಿಕೆ. ಕಿವಿಗೊಟ್ಟು ಕೇಳಿದರೆ ಅದರಲ್ಲಿ 'ಪುಸ್' ಎಂಬ ಉಸಿರಿರುತ್ತದೆ. ಏರು ಹತ್ತುವಾಗ ಮಾತ್ರ ಕಟಕಟ ಎಂದು ಗಾಜು ಕುಟ್ಟಿದಂತೆ ಕೇಳಿದರೆ ಟೈಮಿಂಗ್ ತಪ್ಪಿರಬಹುದು, ಒಳಗೆ ಮಸಿ ಕಟ್ಟಿರಬಹುದು. ಬೆಳಿಗ್ಗೆ ತಣ್ಣಗಿದ್ದಾಗ ಬಡಿದು, ಬಿಸಿಯಾದ ಮೇಲೆ ಅಡಗಿದರೆ ಪಿಸ್ಟನ್ನು ಬೋರಿನಲ್ಲಿ ಸಡಿಲವಾಗಿದೆ ಎಂದು ಅರ್ಥ. ಆಯಿಲ್ ಕುಡಿಯದೆ, ಹೊಗೆ ಕಾರದೆ ಇದ್ದರೆ ಇಂಥ ಗಾಡಿ ಇನ್ನೂ ಎಷ್ಟೋ ದಿನ ಓಡೀತು.

ಹೆದರಬೇಕಾದ್ದು ಒಂದಕ್ಕೆ. ಎಂಜಿನ್ನಿನ ಕೆಳಗಿನಿಂದ, ಮರಕ್ಕೆ ಸುತ್ತಿಗೆಯಲ್ಲಿ ಹೊಡೆದಂತೆ 'ಧಡ್ ಧಡ್' ಎಂದು ಬರುವ ಸದ್ದು. ಆಕ್ಸಿಲೇಟರ್ ಒತ್ತಿದಷ್ಟೂ ಜೋರಾಗುತ್ತದೆ, ಬಿಸಿಯಾದರೆ ಇನ್ನೂ ಜಾಸ್ತಿ. ಇದು ಕನೆಕ್ಟಿಂಗ್ ರಾಡಿನ ಬೇರಿಂಗ್. ಅನುಭವಸ್ಥ ಮೇಸ್ತ್ರಿ ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ ನೋಡುತ್ತಾನೆ. ಯಾವುದನ್ನು ನಿಲ್ಲಿಸಿದಾಗ ಬಡಿತ ಇಳಿಯುತ್ತದೋ ಅಲ್ಲಿದೆ ರೋಗ. ಓಮ್ನಿಗೆ ಇರುವುದೇ 796 ಸಿ.ಸಿ.ಯ ಮೂರು ಸಿಲಿಂಡರ್, ಹುಡುಕುವುದು ಕಷ್ಟವಲ್ಲ. ಆದರೆ ಈ ಸದ್ದು ಬಂದ ಮೇಲೆ "ನಾಳೆ ನೋಡಣ" ಎನ್ನುವ ಹಾಗಿಲ್ಲ. ರಾಡು ಮುರಿದು ಬ್ಲಾಕ್ ಒಡೆದರೆ ರಿಪೇರಿಯ ಮಾತೇ ಮುಗಿಯಿತು. ಅದು ಆಗುಂಬೆ ಘಾಟಿಯ ತಿರುವಿನಲ್ಲಿ, ಹಿಂದೆ ಬಸ್ಸು ಮುಂದೆ ಮಂಜು ಇರುವಾಗ ಆದರೆ ಗತಿಯೇನು?

ರಿಂಗು, ಬೋರು, ಕ್ರಾಂಕಿನ ಕೆಲಸಕ್ಕೆ ಒಪ್ಪುವ ಮುನ್ನ ಕಂಪ್ರೆಶನ್ ಪರೀಕ್ಷೆ ಮಾಡಿಸಿ, ಮೂರೂ ಸಿಲಿಂಡರಿನ ಅಂಕಿ ಬರೆಸಿಕೊಳ್ಳಬೇಕು. ಬಾಯಿಮಾತಿನ ಲೆಕ್ಕ ಬೇಡ. ಸಾಮಾನು ಎಷ್ಟು, ಲೇತಿನ ಕೆಲಸ ಎಷ್ಟು, ಕೂಲಿ ಎಷ್ಟು ಎಂದು ಚೀಟಿ ಕೇಳಿದರೆ ಪ್ರಾಮಾಣಿಕ ಮೇಸ್ತ್ರಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಲೆಕ್ಕ ತಪ್ಪುವುದು ಇಲ್ಲಿ

ಚೀಟಿ ಕೈಗೆ ಬಂತು. ಎಂಜಿನ್ ಕೆಲಸಕ್ಕೆ 40 ಸಾವಿರ ಎಂದಿದೆ ಎಂದಿಟ್ಟುಕೊಳ್ಳಿ. ಕೂಡಲೇ ಬರುವ ಉದ್ಗಾರ: "ಗಾಡಿ ಮಾರಿದ್ರೇ 50 ಸಾವ್ರ ಬರಲ್ಲ, ಅದಕ್ಕೆ 40 ಸಾವ್ರ ಸುರಿಯೋದಾ?"

ಕೇಳಲು ಬಲು ಬುದ್ಧಿವಂತಿಕೆಯ ಮಾತು. ಆದರೆ ಹೋಲಿಕೆ ತಪ್ಪು. ಮಾರುವ ಬೆಲೆ ಬೇಕಾದ್ದು ಮಾರುವವನಿಗೆ. ಓಡಿಸುವವನು ನೋಡಬೇಕಾದ್ದು, ಇದರ ಬದಲು ತರುವ ಗಾಡಿಗೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂಬುದನ್ನು. ಹೊಸ ಗಾಡಿಗೆ 5 ಲಕ್ಷ ಸಾಲ, ಶೇ. 10 ಬಡ್ಡಿ, 5 ವರ್ಷದ ಅವಧಿ ಎಂದರೆ ತಿಂಗಳ ಕಂತು 10,600 ರೂಪಾಯಿ ಚಿಲ್ಲರೆ. ಐದು ವರ್ಷಕ್ಕೆ ಕಟ್ಟುವುದು ಸುಮಾರು 6 ಲಕ್ಷದ 37 ಸಾವಿರ. ಮುಂಗಡ, ತೆರಿಗೆ, ವಿಮೆ ಇವೆಲ್ಲ ಬೇರೆ. ಹಳೇ ಗಾಡಿಯ 40 ಸಾವಿರ ಹೆಚ್ಚುಕಡಿಮೆ ನಾಲ್ಕು ಕಂತಿಗೆ ಸಮ. ರಿಪೇರಿಯಾದ ಗಾಡಿ ಎರಡು ವರ್ಷ ಓಡಿದರೆ ತಿಂಗಳಿಗೆ 1,700ರೊಳಗೆ ಬಿತ್ತು. ಕ್ಲಚ್ಚು, ಬ್ರೇಕು, ಟಯರು ಎಂದು ತಿಂಗಳಿಗೆ ಇನ್ನೊಂದು 3 ಸಾವಿರ ಸೇರಿಸಿದರೂ ಹೊಸ ಗಾಡಿಯ ಕಂತಿನ ಅರ್ಧ ಮುಟ್ಟುವುದಿಲ್ಲ.

ಹಾಗಾದರೆ ಯಾವಾಗಲೂ ರಿಪೇರಿಯೇ ಸರಿಯೇ? ಅದೂ ಅಲ್ಲ. ಗಾಡಿ ಗ್ಯಾರೇಜಿನಲ್ಲಿ ಕೂತ ಪ್ರತಿ ದಿನವೂ ಬಾಡಿಗೆ ನಷ್ಟ. ತಿಂಗಳಿಗೆ ನಾಲ್ಕು ದಿನ ನಿಲ್ಲುವ ಗಾಡಿ ಗಿರಾಕಿಗಳನ್ನೂ ಕಳೆಯುತ್ತದೆ. ಆ ನಷ್ಟವನ್ನೂ ಬರೆದರೆ ಹೊಸದೇ ಅಗ್ಗವಾಗಬಹುದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿರುವುದೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಮಾತು: "ಹೋದ ವರ್ಷವಷ್ಟೇ ಗೇರ್ ಬಾಕ್ಸಿಗೆ ಹಾಕಿದ್ದೀನಿ, ಈಗ ಹೆಂಗೆ ಬಿಡೋದು" ಎಂಬ ಹಳಹಳಿಕೆ. ಹೋದ ದುಡ್ಡು ಹೋಯಿತು. ಅದು ವಾಪಸು ಬರುವುದಿಲ್ಲ, ಲೆಕ್ಕದ ಪುಸ್ತಕಕ್ಕೂ ಬರಬಾರದು.

ಬದಲಿಗೆ ಸೆಕೆಂಡ್ ಹ್ಯಾಂಡ್ ತರುವವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ, ತಾವೇ ಚಾಲೂ ಮಾಡಿಸಿ ಕೇಳಬೇಕು. ಬಿಸಿ ಮಾಡಿಟ್ಟು ತೋರಿಸುವ, ದಪ್ಪ ಆಯಿಲ್ ಸುರಿದು ಬಡಿತ ಅಡಗಿಸುವ ಕಲೆ ಹೊಸದೇನಲ್ಲ. ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸುವವರು ಆರ್.ಸಿ.ಯಲ್ಲಿ ಎಂಜಿನ್ ನಂಬರ್ ಬದಲಾಯಿಸಿಕೊಳ್ಳದಿದ್ದರೆ ಎಫ್.ಸಿ.ಗೆ ಹೋದಾಗಲೋ ವಿಮೆ ಕೇಳುವಾಗಲೋ ಸಿಕ್ಕಿಬೀಳುತ್ತಾರೆ. ಬಿಲ್ಲಿಲ್ಲದ ಎಂಜಿನ್ ಯಾರ ಗಾಡಿಯದೋ ಬಲ್ಲವರಾರು?

15 ವರ್ಷದ ಗುಮ್ಮ

ಹದಿನೈದು ವರ್ಷ ತುಂಬಿದರೆ ಗಾಡಿ ಎತ್ತಿಕೊಂಡು ಹೋಗುತ್ತಾರೆ ಎಂಬ ಸುದ್ದಿ ಮಲೆನಾಡಿನ ಹಳ್ಳಿಹಳ್ಳಿಯಲ್ಲೂ ಓಡಾಡಿದೆ. ಇದು ದಿಲ್ಲಿಯ ಕತೆ. ಅಲ್ಲಿನ ಹೊಗೆಯ ಕಾಟಕ್ಕೆ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ತಡೆ ಬಿತ್ತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಶಿವಮೊಗ್ಗದ ಗಾಡಿಗಳಿಗೆ ಆ ಕಟ್ಟಳೆ ಇಲ್ಲ. ಇಲ್ಲಿ ಖಾಸಗಿ ಗಾಡಿಗೆ 15 ವರ್ಷವಾದ ಮೇಲೆ ಪರೀಕ್ಷೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಬಾಡಿಗೆ ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್.ಸಿ. ಆಗಬೇಕು.

ಖರ್ಚು ಮಾತ್ರ ಏರಿದೆ. ಖಾಸಗಿ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿಸಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿತು. ಎಂಜಿನ್ ಕೆಲಸಕ್ಕೆ ಕೈ ಹಾಕುವ ಮುನ್ನ ಆರ್.ಸಿ. ಎಷ್ಟು ದಿನ ಉಳಿದಿದೆ ಎಂದು ನೋಡಿಕೊಳ್ಳದಿದ್ದರೆ, ಹೊಸ ಎಂಜಿನ್ನಿನ ಹಳೇ ಗಾಡಿ ಕಾಗದವಿಲ್ಲದೆ ಕೊಟ್ಟಿಗೆ ಸೇರುತ್ತದೆ.

ಕೊಡುವುದೇ ಸೈ ಎಂದಾದರೆ ಗುಜರಿ ಅಂಗಡಿಗೆ ತೂಕಕ್ಕೆ ಹಾಕಿ ಬರುವುದು ಅಪಾಯ. ಆರ್.ಸಿ. ರದ್ದಾಗದಿದ್ದರೆ ಆ ನಂಬರಿನಲ್ಲಿ ಮುಂದೆ ಏನೇ ನಡೆದರೂ ಬರುವುದು ಹಳೇ ಮಾಲೀಕನ ಮನೆ ಬಾಗಿಲಿಗೆ. ಸರ್ಕಾರದಲ್ಲಿ ನೋಂದಾಯಿಸಿದ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪತ್ರ ಸಿಗುತ್ತದೆ. 2021ರ ಕೇಂದ್ರ ನೀತಿಯ ಪ್ರಕಾರ ಆ ಪತ್ರ ತೋರಿಸಿ ಹೊಸ ಗಾಡಿ ಕೊಂಡರೆ ತೆರಿಗೆಯಲ್ಲಿ ಖಾಸಗಿಗೆ ಶೇ. 25ರವರೆಗೆ, ಬಾಡಿಗೆ ಗಾಡಿಗೆ ಶೇ. 15ರವರೆಗೆ ರಿಯಾಯಿತಿಗೆ ಅವಕಾಶವಿದೆ. ರಾಜ್ಯದ ಲೆಕ್ಕದಲ್ಲಿ ಕೈಗೆ ಎಷ್ಟು ಬರುತ್ತದೆ ಎಂದು ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮಳೆ ತಿನ್ನುವುದು ನೆಲವನ್ನು

ಇಷ್ಟೆಲ್ಲ ಆದ ಮೇಲೂ ಮಲೆನಾಡಿನಲ್ಲಿ ತೀರ್ಪು ಕೊಡುವುದು ಎಂಜಿನ್ ಅಲ್ಲ, ತಗಡು. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಗಾಡಿಗೆ ಮುಪ್ಪು ಬರುವುದು ಕೆಳಗಿನಿಂದ. ಎಂಜಿನ್ನಿಗೆ ಬೋರು ಮಾಡಿಸಬಹುದು, ಪಿಸ್ಟನ್ ಹಾಕಬಹುದು. ತುಕ್ಕು ತಿಂದ ನೆಲಕ್ಕೆ ತೇಪೆ ಹಾಕಿದರೆ ಆರು ತಿಂಗಳಲ್ಲಿ ತೇಪೆಯ ಪಕ್ಕದಲ್ಲಿ ತೂತು.

ಆದ್ದರಿಂದ ಗಾಡಿಯನ್ನು ಎತ್ತಿಸಿ, ಮ್ಯಾಟ್ ಕಿತ್ತು, ಪಟ್ಟಿ ಸ್ಪ್ರಿಂಗ್ ಕಚ್ಚಿರುವ ಜಾಗ, ಜಾಕ್ ಕೊಡುವ ಜಾಗ, ಸೀಟ್ ಬೆಲ್ಟ್ ಬಿಗಿದ ಜಾಗ ಈ ಮೂರನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ಗಟ್ಟಿ ಇದ್ದರೆ ಎಂಜಿನ್ನಿಗೆ ಖರ್ಚು ಮಾಡಬಹುದು. ಮೊನೆ ಒಳಗೆ ಹೋಯಿತೋ, ಎಂಜಿನ್ ಎಷ್ಟೇ ಸೊಗಸಾಗಿ ಹಾಡುತ್ತಿದ್ದರೂ ಅದಕ್ಕೆ ಒಂದು ಕಾಸೂ ಹಾಕಬಾರದು.

ಇದು ಬರೀ ದುಡ್ಡಿನ ಮಾತಲ್ಲ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲೇ. ಮೇಲೆ ಹೇಳಿದ 'ಪುಸ್' ಸದ್ದಿನ ಸೋರಿಕೆ ಇದ್ದು, ನೆಲವೂ ತೂತಾಗಿದ್ದರೆ ಹೊಗೆ ನೇರ ಒಳಗೆ. ಮಳೆಗೆ ಕಿಟಕಿ ಎಲ್ಲಾ ಮುಚ್ಚಿರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳಿಗೆ ತಲೆನೋವು, ವಾಂತಿ ಬಂದರೆ "ಘಾಟಿ ತಿರುವು, ಹಂಗಾಗ್ತದೆ" ಎಂದು ನಿಂಬೆಹಣ್ಣು ಮೂಸಿಸಿ ಸುಮ್ಮನಾಗುತ್ತಾರೆ. ಸಣ್ಣದೊಂದು ಪ್ಯಾಕಿಂಗ್ ಬದಲಾಯಿಸದ ತಪ್ಪಿಗೆ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ದಿನಾ ವಿಷ ಕುಡಿಯಬೇಕೇ?

ಶಾಲೆಗೆ ಬರುವ ವ್ಯಾನಿನ ಬಾಡಿಗೆ ಎಷ್ಟು ಎಂದು ಕೇಳುವ ಪಾಲಕರು, ಮ್ಯಾಟ್ ಎತ್ತಿ ನೆಲ ತೋರಿಸಿ ಎಂದೂ ಕೇಳಬಹುದು. ಎಫ್.ಸಿ.ಗೆ ಬಂದ ಗಾಡಿಯ ಕೆಳಗೆ ಅಧಿಕಾರಿಗಳು ಟಾರ್ಚ್ ಹಿಡಿದು ಬಗ್ಗಿ ನೋಡಬೇಕು. ಶಾಲೆಗಳು ಬಾಗಿಲು ತೆರೆಯುವ ಮೊದಲೇ ಈ ತಪಾಸಣೆ ಮುಗಿದರೆ, ರಿಪೇರಿಯಾಗುವ ಗಾಡಿ ರಿಪೇರಿಯಾಗುತ್ತದೆ, ಗುಜರಿಗೆ ಹೋಗಬೇಕಾದ್ದು ಗುಜರಿಗೆ ಹೋಗುತ್ತದೆ. ಮಳೆ ಹಿಡಿದ ಮೇಲೆ ಇವೆರಡಕ್ಕೂ ಪುರುಸೊತ್ತು ಇರುವುದಿಲ್ಲ.