ಎರಡು ಸಾಲು ಹೊಲಿಗೆಗೆ ಸಿಕ್ಕರೆ ಚಿಂದಿಯೂ ಕೌದಿ

ಭರಮಸಾಗರದಂಥ ಹೆದ್ದಾರಿ ಬದಿಯ ಊರಲ್ಲಿ ಯಾವ ಟೈಲರ್ ಅಂಗಡಿಗೆ ಕಾಲಿಟ್ಟರೂ ಮಷಿನ್ ಕೆಳಗೆ ಚಿಂದಿ ರಾಶಿ ಕಾಣುತ್ತದೆ. ರವಿಕೆಯ ಕಂಕುಳಲ್ಲಿ ಕತ್ತರಿಸಿ ತೆಗೆದ ಅರ್ಧಚಂದ್ರ, ಫಾಲ್‌ನ ತುದಿ, ಯೂನಿಫಾರ್ಮಿನ ಬೆರಳಗಲದ ಪಟ್ಟಿ. ಸಂಜೆ ಗುಡಿಸಿದರೆ ಎಲ್ಲವೂ ತಿಪ್ಪೆಗೆ. ಕೌದಿ ಹೊಲಿದು ಗೊತ್ತಿದ್ದವರಿಗೆ ಮಾತ್ರ ಅದನ್ನು ಬಿಸಾಡಲು ಮನಸ್ಸು ಬರುವುದಿಲ್ಲ.

ಕೌದಿಯ ಗುಟ್ಟು ಅದರ ಪದರಗಳಲ್ಲಿದೆ. ಅಡಿಗೆ ಹಳೆಯ ಹತ್ತಿ ಸೀರೆ, ನಡುವೆ ಹರಿದ ಪಂಚೆ, ಲುಂಗಿ, ಮೇಲೆ ಬಣ್ಣಬಣ್ಣದ ತುಂಡು. ಹೊದ್ದು ಎಳೆದಾಡುವಾಗ ಭಾರವೆಲ್ಲ ಬೀಳುವುದು ಅಡಿಯ ಸೀರೆಯ ಮೇಲೆ. ಮೇಲಿನ ತುಂಡಿಗೆ ಆ ಕಷ್ಟವಿಲ್ಲ. ಅಂಚಿನಲ್ಲಿ ಹಿಡಿದ ಹೊಲಿಗೆ ಸುತ್ತು ಹಾಕುತ್ತ ನಡುವಿಗೆ ಬಂದು ನಿಲ್ಲುತ್ತದೆ. ಅಂಚು ಮಡಚಿದ ಮೇಲೂ ಎರಡು ಸಾಲು ಹೊಲಿಗೆಗೆ ಸಿಗುವಷ್ಟು ಅಗಲವಿದ್ದರೆ ಆ ತುಂಡು ಜಪ್ಪಯ್ಯ ಅಂದರೂ ಕಿತ್ತುಬರುವುದಿಲ್ಲ. ಸಾಲು ಒತ್ತಾದಷ್ಟೂ ಸಣ್ಣ ಚಿಂದಿಗೆ ಜಾಗ ಸಿಗುತ್ತದೆ. ಹಾಗಾಗಿ ಯಾವ ತುಂಡು ಇರಬೇಕು, ಯಾವುದು ಹೋಗಬೇಕು ಎಂಬುದು ಹೊಲಿಯುವ ಕೈಯ ತಾಳ್ಮೆಗೆ ಬಿಟ್ಟದ್ದು.

ಅದಕ್ಕೂ ಸಣ್ಣದಿದ್ದರೆ? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಚಿಕ್ಕ ಚೌಕಗಳನ್ನು ಮಡಚಿ, ಒಂದರ ಮೇಲೊಂದಿಟ್ಟು ಕೌದಿಯ ಮೂಲೆಗಳಿಗೆ ಹೊಲಿಯುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂ ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೀವಲ್ ಈ ಕೌದಿಗಳ ಬೆನ್ನುಹತ್ತಿ ಬಂದರು; 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೂ ಹುಟ್ಟಿತು. ಮನೆಯ ಚಳಿಗೆಂದು ಹೊಲಿದದ್ದು ಹೊರದೇಶದ ಪ್ರದರ್ಶನಗಳಿಗೂ ಹೋಯಿತು. ಅಮೆರಿಕದಲ್ಲೇ ಅಲಬಾಮದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹಳೆ ಪ್ಯಾಂಟು, ಅಂಗಿಗಳಿಂದ ಹೊಲಿದ ಕೌದಿಗಳು 2006ರಲ್ಲಿ ಅಂಚೆ ಚೀಟಿ ಏರಿದ್ದುಂಟು.

ಅಷ್ಟು ದೂರವೇಕೆ, ನಮ್ಮ ಹೊಳಲ್ಕೆರೆ, ಹೊಸದುರ್ಗ ಸೀಮೆಯಲ್ಲೂ ಲಂಬಾಣಿ ತಾಂಡಾಗಳಿವೆ. ಲಂಬಾಣಿ ಹೆಂಗಸರ ಲಂಗ, ಕುಪ್ಪಸಗಳಲ್ಲಿ ಬಿಡಿ ತುಂಡೇ ಶೃಂಗಾರ. ತುಂಡಿನ ಮೇಲೆ ಕನ್ನಡಿ, ಅಂಚಿಗೆ ಕವಡೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆಯೂ ಸಿಕ್ಕಿದೆ.

ಈಗಿನ ತೊಡಕು ಚಿಂದಿಯ ಗಾತ್ರದ್ದಲ್ಲ, ನೂಲಿನದು. ಹತ್ತಿ ತುಂಡು ಅಂಚು ಮಡಚಿ ಉಗುರಲ್ಲಿ ತೀಡಿದರೆ ಹಾಗೇ ಕೂರುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ, ಬೆವರೂ ಹೀರುವುದಿಲ್ಲ. ಎರಡನ್ನೂ ಒಂದೇ ಕೌದಿಗೆ ಹಾಕಿ ಒಗೆದರೆ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗದೆ ಉಬ್ಬಿ ನಿಲ್ಲುತ್ತದೆ. ಹೊಸ ಹತ್ತಿ ಚಿಂದಿಯನ್ನು ಹೊಲಿಯುವ ಮೊದಲೇ ನೀರಲ್ಲಿ ನೆನೆಸಿ ಒಣಗಿಸುವುದು ಅದಕ್ಕೇ. ಬಣ್ಣ ಬಿಡುವ ಕೆಂಪು, ನೀಲಿಗಳ ಗುಣವೂ ಆಗಲೇ ಗೊತ್ತಾಗುತ್ತದೆ.

ಟೈಲರ್ ಅಂಗಡಿಯಲ್ಲಿ ಮೂರು ಚೀಲ ಇಟ್ಟರೆ ಸಾಕು. ಹತ್ತಿಯದು ಒಂದಕ್ಕೆ, ಮಿಕ್ಕ ಬಟ್ಟೆ ಇನ್ನೊಂದಕ್ಕೆ, ಹೊಲಿಗೆಗೂ ಸಿಗದ ಎಳೆಪುಡಿ ಮೂರನೆಯದಕ್ಕೆ. ಮೊದಲನೆಯದು ಕೂಸಿನ ಕೌದಿಗೆ, ಎರಡನೆಯದು ಕೈಚೀಲಕ್ಕೋ ಕಾಲೊರಸಿಗೋ, ಕೊನೆಯದು ದಿಂಬಿಗೆ, ಸಿಂಬಿಗೆ. ಕತ್ತರಿ ಆಡಿಸುವಾಗಲೇ ಬೇರೆ ಮಾಡಿಟ್ಟರೆ ಕೆಲಸ ಹಗುರ. ಗುಡಿಸಿ ರಾಶಿ ಹಾಕಿದ ಮೇಲೆ ಯಾರಿಗೂ ಆರಿಸುವ ಪುರುಸೊತ್ತಿರುವುದಿಲ್ಲ.